ಇವರ ಆಪರೇಶನ್ನೂ ಅಂಕೋಲೆಯ ಬಸ್ಸೂ

ಮನುಷ್ಯನ ಮೈಯೊಳಗೆ ಏನೇನು ಸಾಮಾನು ಇದೆ ಎಂಬುದು ಅದು ಕೆಟ್ಟಾಗಲೇ ಗೊತ್ತಾಗುವುದು. ಸರಿಯಿದ್ದಷ್ಟು ದಿನ ಯಾರೂ ತಮ್ಮ ಪಿತ್ತಕೋಶವನ್ನು ನೆನೆದು ಕೈಮುಗಿಯುವುದಿಲ್ಲ. ನಾನು ದಿನಾ ಸಂಜೆ ದೀಪ ಹಚ್ಚಿ, ದೇವರು ಆ ದಿನ ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಬೆರಳು ಮಡಿಸಿ ಎಣಿಸುವವಳು. ಬಾವಿಯ ನೀರು ಇನ್ನೂ ಉಪ್ಪಾಗಿಲ್ಲ, ಮೊಣಕಾಲು ಮೆಟ್ಟಿಲು ಹತ್ತುತ್ತಿದೆ, ಮೀನಿನವಳು ಇವತ್ತು ತಾಜಾ ಬಂಗಡೆಯನ್ನೇ ತಂದಳು, ಹೀಗೆ. ಆದರೆ ಮೂವತ್ತೆರಡು ವರ್ಷ ಸಂಸಾರ ಮಾಡಿಯೂ ನನ್ನ ಗಂಡನ ಹೊಟ್ಟೆಯ ಕೆಳಗೆ ಪ್ರೊಸ್ಟೇಟ್ ಎಂಬ ಗ್ರಂಥಿಯೊಂದು ಇದೆಯೆಂದು ನನಗೆ ಗೊತ್ತಿರಲಿಲ್ಲ. ನನಗೇಕೆ, ಅದನ್ನು ಐವತ್ತೇಳು ವರ್ಷ ಹೊತ್ತು ತಿರುಗಿದ ಅವರಿಗೇ ಗೊತ್ತಿರಲಿಲ್ಲ.

ಮಂಗಳೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು, "ಇಷ್ಟೇ, ಒಂದು ದೊಡ್ಡ ಅಡಿಕೆಯಷ್ಟು" ಎಂದರು. ಆ ಅಡಿಕೆಯೊಳಗೆ ಕ್ಯಾನ್ಸರ್ ಕೂತಿದೆಯಂತೆ, ಬೇಗ ಕೈಗೆ ಸಿಕ್ಕಿದೆಯಂತೆ, ಪೂರ್ತಿ ತೆಗೆದುಬಿಟ್ಟರೆ ಹೆದರಬೇಕಾಗಿಲ್ಲವಂತೆ. ಬೇಗ ಸಿಕ್ಕಿತಲ್ಲ ಎಂದು ನಾನು ಅಲ್ಲೇ, ಮೇಜಿನ ಕೆಳಗೆ, ಒಂದು ಬೆರಳು ಮಡಿಸಿದೆ. "ಆಮೇಲೆ ಎರಡು ತೊಂದರೆ ಉಳಿಯಬಹುದು. ಒಂದು, ಕೆಲವು ತಿಂಗಳು ಮೂತ್ರ ಹಿಡಿತಕ್ಕೆ ಬರುವುದಿಲ್ಲ. ಇನ್ನೊಂದು..." ಎಂದು ಡಾಕ್ಟರು ನನ್ನ ಮುಖ ನೋಡಿ, ಇವರ ಮುಖ ನೋಡಿ, ಕನ್ನಡ ಬಿಟ್ಟು ಇಂಗ್ಲಿಷಿಗೆ ಹೋದರು. ಇವರು ತಲೆ ಎತ್ತಿ ಫ್ಯಾನ್ ನೋಡತೊಡಗಿದರು. ನನಗೆ ಇಂಗ್ಲಿಷ್ ಬಾರದಿದ್ದರೂ ಅರ್ಥವಾಯಿತು. ಫ್ಯಾನು ತಿರುಗುತ್ತಲೇ ಇರಲಿಲ್ಲ, ಅಷ್ಟು ಹೊತ್ತು ನೋಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. "ಡಾಕ್ಟ್ರೆ, ಜೀವ ಉಳಿದ್ರೆ ಸಾಕು. ಆ ಎರಡನೇದಕ್ಕೆ ನಮ್ಗೆ ಅವಸರ ಇಲ್ಲ. ಒಂದನೇದ್ರ ವಿಷಯ ಹೇಳಿ, ಇವ್ರು ಬಸ್ಸಿಗೆ ಹೋಗ್ಬೇಕು" ಅಂದೆ. ಡಾಕ್ಟರು ನಕ್ಕರು. ಇವರು ಫೈಲು ಎತ್ತಿಕೊಂಡು ನನಗಿಂತ ಮೊದಲೇ ಹೊರಗೆ ನಡೆದರು.

ಬಸ್ಸೆಂದರೆ ಕೈಗಾ ಬಸ್ಸು. ನಮ್ಮ ಮನೆ ಕಾರವಾರದಲ್ಲಿ, ಇವರ ಕೆಲಸ ಕೈಗಾ ಅಣುಸ್ಥಾವರದ ಸ್ಟೋರ್ಸಿನಲ್ಲಿ. ಬೆಳಿಗ್ಗೆ ನಮ್ಮ ಓಣಿಯ ತಿರುವಿಗೆ ಬರುವ ಕಂಪನಿ ಬಸ್ಸು ಕಾಳಿ ನದಿಯ ಪಕ್ಕಕ್ಕೇ ಓಡಿ, ಕದ್ರಾ ದಾಟಿ ಕಾಡು ಹೊಗುವುದಕ್ಕೆ ಗಂಟೆಯ ಮೇಲೆ ಬೇಕು. ಒಮ್ಮೆ ಎಲ್ಲರನ್ನೂ ಹತ್ತಿಸಿಕೊಂಡ ಮೇಲೆ ಎಲ್ಲೂ ನಿಲ್ಲುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಸೀಟು ವರ್ಷಗಳಿಂದ ಖಾಯಂ. ಹೆಂಡತಿಗೂ ಗೊತ್ತಿಲ್ಲದ ಸುದ್ದಿ ಆ ಬಸ್ಸಿಗೆ ಗೊತ್ತಿರುತ್ತದೆ. ಯಾರ ಮಗಳ ಜಾತಕ ಎಲ್ಲಿಗೆ ಹೋಯಿತು, ಯಾರ ಸಕ್ಕರೆ ಕಾಯಿಲೆ ಎಷ್ಟು ಏರಿತು, ಎಲ್ಲ ಕದ್ರಾ ಬರುವುದರೊಳಗೆ ತೀರ್ಮಾನವಾಗುತ್ತದೆ. ಅದಕ್ಕೇ ಇವರು ರಜೆ ಹಾಕುವಾಗ "ಹರ್ನಿಯಾ ಆಪರೇಶನ್" ಎಂದು ಹೇಳಿಬಿಟ್ಟರು. ಹರ್ನಿಯಾ ಮರ್ಯಾದಸ್ಥರ ಕಾಯಿಲೆಯಂತೆ, ಭಾರ ಎತ್ತಿದ್ದರಿಂದ ಬರುತ್ತದಂತೆ. ಕ್ಯಾನ್ಸರ್ ಎಂದರೆ ಜನ ಮೈಲಿ ದೂರ ನಿಂತು ಅಳುತ್ತಾರೆ, ಇನ್ನೊಂದು ಹೇಳಿದರೆ ಹತ್ತಿರ ಬಂದು ನಗುತ್ತಾರೆ ಎಂದು ಅವರ ಲೆಕ್ಕ. ನಾನು ದೇವರ ಎದುರು ದಿನಾ ಕೂರುವವಳು, ಸುಳ್ಳು ಹೇಳಲಾರೆ. ಕೇಳಿದವರಿಗೆಲ್ಲ "ಕೆಳಗಿನ ಆಪರೇಶನ್" ಎಂದಷ್ಟೇ ಹೇಳಿ, ಎಷ್ಟು ಕೆಳಗೆ ಎಂಬುದನ್ನು ಅವರವರಿಗೇ ಬಿಟ್ಟೆ.

ಆಪರೇಶನ್ ಚೆನ್ನಾಗಿಯೇ ಆಯಿತು. ಆದರೆ ಮನೆಗೆ ಬರುವಾಗ ಒಂದು ಟ್ಯೂಬು, ಅದರ ತುದಿಗೊಂದು ಚೀಲ ಜೊತೆಗೆ ಬಂತು. ಚೀಲ ಯಾರಿಗೂ ಕಾಣಬಾರದೆಂದು ಇವರ ಹಟ. ನಾನು ಜವಳಿ ಅಂಗಡಿಯವರು ಕೊಟ್ಟ ಕೆಂಪು ಕೈಚೀಲವೊಂದನ್ನು ಹುಡುಕಿ, ಅದರೊಳಗೆ ಇದನ್ನು ಇಳಿಬಿಟ್ಟು ಕುರ್ಚಿಯ ಪಕ್ಕ ಇಟ್ಟೆ. ನೋಡಲು ಬಂದ ಪಕ್ಕದ ಮನೆಯ ಶಾಂತಕ್ಕನ ಕಣ್ಣು ಇವರ ಮೇಲೆ ಬೀಳುವ ಮೊದಲು ಆ ಚೀಲದ ಮೇಲೆ ಬಿತ್ತು.

"ಸೀರೆ ತಗೊಂಡ್ರಾ ಮಂಗ್ಳೂರಲ್ಲಿ? ತೋರ್ಸೇ ಸುಮತಿ" ಎನ್ನುತ್ತ ಬಗ್ಗಿದಳು.

ಇವರು ಎರಡೂ ಕೈಯಿಂದ ಚೀಲವನ್ನು ಎತ್ತಿ ಎದೆಗೆ ಅವುಚಿಕೊಂಡರು. ನರ್ಸು, ಚೀಲ ಯಾವಾಗಲೂ ಕೆಳಗೇ ಇರಬೇಕೆಂದು ಹತ್ತು ಸಲ ಹೇಳಿ ಕಳಿಸಿದ್ದಳು. "ಕೆಳ್ಗೆ ಬಿಡಿ, ಕೆಳ್ಗೆ ಬಿಡಿ" ಎಂದು ನಾನು ಕೂಗುತ್ತೇನೆ, ಇವರು ಬಿಡುವುದಿಲ್ಲ. ಶಾಂತಕ್ಕ ಪೆಚ್ಚಾಗಿ ಎದ್ದು ಹೋದಳು. ಹೆಂಡತಿಗೆ ತಂದ ಸೀರೆಯನ್ನು ಯಾರಿಗೂ ಮುಟ್ಟಗೊಡದಷ್ಟು ಪ್ರೀತಿ ಈ ಮನುಷ್ಯನಿಗೆ ಈ ವಯಸ್ಸಿನಲ್ಲಿ ಬಂದಿದೆ ಎಂದು ಓಣಿಯಲ್ಲೆಲ್ಲ ಹೇಳಿದಳಂತೆ. ಆ ಸೀರೆ ಇನ್ನೂ ಬರಬೇಕಾಗಿದೆ.

ಟ್ಯೂಬು ತೆಗೆದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಎದ್ದರೆ ಹನಿ, ಕೆಮ್ಮಿದರೆ ಹನಿ, ನಕ್ಕರಂತೂ ಕೇಳಲೇಬೇಡಿ. ಹಾಗಾಗಿ ಇವರು ನಗುವುದನ್ನೇ ಬಿಟ್ಟರು. ಮೆಡಿಕಲ್ ಶಾಪಿನಲ್ಲಿ ದೊಡ್ಡವರ ಡೈಪರ್ ಸಿಗುತ್ತಿತ್ತು. ಆದರೆ ಅದನ್ನು ಕಾರವಾರದ ಅಂಗಡಿಯಲ್ಲಿ ಕೇಳಿದರೆ ಕೈಗಾದವರೆಗೆ ತಿಳಿಯುತ್ತದೆ ಎಂದು ಇವರು ಕೈಮುಗಿದರು. ಕೊನೆಗೆ ಹಳೆಯ ಹತ್ತಿ ಸೀರೆ ಹರಿದು, ಮಡಿಕೆ ಹಾಕಿ, ನಾನೇ ಹೊಲಿದೆ. ಈ ಶಾಸ್ತ್ರದಲ್ಲಿ ನನಗೆ ತಿಂಗಳು ತಿಂಗಳೂ ಮಾಡಿ ಮೂವತ್ತೈದು ವರ್ಷ ಸರ್ವಿಸ್ ಆಗಿದೆ. ಹೇಗೆ ಮಡಿಸುವುದು, ಪಿನ್ ಎಲ್ಲಿ ಹಾಕುವುದು, ಒದ್ದೆಯಾದದ್ದು ಹೊರಗಿನವರಿಗೆ ಕಾಣದಂತೆ ಹೇಗೆ ಕೂತು ಏಳುವುದು, ಒಗೆದದ್ದನ್ನು ಲಂಗದ ಅಡಿಗೆ ಹೇಗೆ ಒಣಗಹಾಕುವುದು, ಎಲ್ಲವನ್ನೂ ಹೇಳಿಕೊಟ್ಟೆ. ಇವರು ಕೇಳಿ ಕೇಳಿ, "ನೀವೆಲ್ಲ ಹನ್ನೆರ್ಡು ಹದ್ಮೂರನೇ ವಯಸ್ಸಿಂದ ಹೀಗೇ ಇದ್ರಾ? ಯಾರಿಗೂ ಹೇಳ್ದೆ?" ಎಂದು ಬಾಯಿ ಬಿಟ್ಟು ನನ್ನನ್ನೇ ನೋಡಿದರು. ನನ್ನನ್ನು ಅಷ್ಟು ಗೌರವದಿಂದ ಅವರು ಮದುವೆಯ ದಿನವೂ ನೋಡಿರಲಿಲ್ಲ. ಅಂದು ಸಂಜೆ ಅದಕ್ಕೂ ಒಂದು ಬೆರಳು ಮಡಿಸಿದೆ.

ಇನ್ನು ವ್ಯಾಯಾಮ. ಮೂತ್ರವನ್ನು ತಡೆದು ಹಿಡಿಯುವ ಸ್ನಾಯುವನ್ನು ಬಿಗಿಹಿಡಿದು ಬಿಡಬೇಕು, ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಸಲ. ಇವರಿಗೆ ಎಣಿಕೆ ತಪ್ಪುತ್ತಿತ್ತು. ಅದಕ್ಕೆ ನಾನೇ ಉಪಾಯ ಹೇಳಿದೆ. ನಾನು ದೇವರಿಗೆ ಅಷ್ಟೋತ್ತರ ಹೇಳುವಾಗ ಹೊರಗಿನ ಚಾಪೆಯ ಮೇಲೆ ಕೂತು ಒಂದೊಂದು ನಾಮಕ್ಕೆ ಒಂದೊಂದು ಸಲ ಬಿಗಿಹಿಡಿಯಿರಿ ಎಂದೆ. ಮೊದಲ ದಿನ ನನಗೇ ಅಳುಕಾಯಿತು. ದೇವರ ಹೆಸರಿಗೂ ಆ ಜಾಗಕ್ಕೂ ಎಲ್ಲಿಯ ಸಂಬಂಧ? ಆಮೇಲೆ, ಅದನ್ನೂ ಅವನೇ ಮಾಡಿದ್ದಲ್ಲವೇ, ಕೆಟ್ಟುಹೋದದ್ದನ್ನು ಅವನ ಎದುರೇ ರಿಪೇರಿ ಮಾಡಿದರೆ ತಪ್ಪೇನು ಎಂದು ಸಮಾಧಾನ ಮಾಡಿಕೊಂಡೆ. ಮುಂದಿನ ತಪಾಸಣೆಯಲ್ಲಿ ಡಾಕ್ಟರು, "ಎಷ್ಟು ಸಲ ಮಾಡ್ತಿದ್ದೀರಿ?" ಎಂದರು. "ಒಂದು ಹೊತ್ತಿಗೆ ನೂರಾ ಎಂಟು" ಎಂದರು ಇವರು. ಡಾಕ್ಟರು ಪೆನ್ನು ಕೆಳಗಿಟ್ಟರು.

ಎರಡೂವರೆ ತಿಂಗಳಿಗೆ ಹನಿ ಬಹಳ ಕಡಿಮೆಯಾಯಿತು. ದಿನಕ್ಕೆ ಐದು ಬಟ್ಟೆ ಇದ್ದದ್ದು ಒಂದಕ್ಕೆ ಇಳಿಯಿತು. ಕಡಿಮೆಯಾಗದೆ ಉಳಿದದ್ದು ಹೆದರಿಕೆ. ಬಾಡಿಗೆ ಕಾರಿನಲ್ಲಿ ಆಸ್ಪತ್ರೆಗೆ ಹೋಗಿ ಬಂದದ್ದು ಬಿಟ್ಟರೆ ಅಷ್ಟು ದಿನವೂ ಇವರು ಗೇಟು ದಾಟಿರಲಿಲ್ಲ. ಸೋಮವಾರ ರಜೆ ಮುಗಿಯುತ್ತದೆ ಎನ್ನುವಾಗ ಒಂದು ಬೆಳಿಗ್ಗೆ ಬಿಳಿ ಕಾಗದ ತೆಗೆದು ಬರೆಯುತ್ತ ಕೂತರು.

"ಎಂತ ಬರೀತಿದ್ದೀರಿ?"

"ರಾಜೀನಾಮೆ. ನಾನು ಇನ್ನು ಆ ಬಸ್ ಹತ್ತೂದಿಲ್ಲ ಮಾರಾಯ್ತಿ. ಕದ್ರಾ ಹತ್ರ ಒದ್ದೆ ಆಯ್ತು ಅಂದ್ರೆ ಎಂತ ಮಾಡೂದು? ನಲವತ್ತು ಜನ ನೋಡ್ತಾರೆ."

ಇನ್ನೂ ಮೂರು ವರ್ಷ ಸರ್ವಿಸ್ ಇರುವ ಮನುಷ್ಯ. ಸ್ಟೋರ್ಸಿನಲ್ಲಿ ಯಾವ ನಟ್ಟು ಯಾವ ಕಪಾಟಿನಲ್ಲಿದೆ ಎಂಬುದನ್ನು ಕಣ್ಣುಮುಚ್ಚಿ ಹೇಳುವವರು, ಮನೆಯಲ್ಲಿ ಕೂತು ನನ್ನ ಸಾಸಿವೆ ಡಬ್ಬಿಯನ್ನು ದಿನಕ್ಕೆರಡು ಸಲ ಜೋಡಿಸುತ್ತಿದ್ದರು. ಇವರು ಹೀಗೇ ಮನೆಯಲ್ಲಿ ಉಳಿದರೆ ಅವರ ಗತಿ ಏನು ಎಂಬ ಚಿಂತೆ ಅರ್ಧ, ನನ್ನ ಗತಿ ಏನು ಎಂಬುದು ಇನ್ನರ್ಧ. ಕಾಗದ ಕಸಿದುಕೊಂಡು, "ನಾಳೆ ಬಾಳೆಗುಳಿಗೆ ಅಣ್ಣನ ಮನೆಗೆ ಹೋಗಿ ಬರೂವ. ಸಾದಾ ಬಸ್ಸು, ಒಂದು ತಾಸು ಹೋಗೂಕೆ, ಒಂದು ತಾಸು ಬರೂಕೆ. ಅಷ್ಟು ತಡೆದ್ರೆ ಸೋಮವಾರ ಕೈಗಾಕ್ಕೆ ಹೋಗ್ಬೇಕು. ತಡೀದಿದ್ರೆ ನಾನೇ ಪೋಸ್ಟ್ ಮಾಡ್ತೆ" ಅಂದೆ.

ಬಾಳೆಗುಳಿ ಅಂಕೋಲೆಯ ಆಚೆ, ಹುಬ್ಬಳ್ಳಿ ರಸ್ತೆ ಒಡೆಯುವಲ್ಲಿ. ಎರಡು ತಾಸಿನ ದಾರಿಗೆ ನಾನು ಕಟ್ಟಿಕೊಂಡ ಗಂಟು ನೋಡಿದರೆ ಯಾತ್ರೆಗೆ ಹೊರಟವರಂತೆ ಇತ್ತು. ನಾಲ್ಕು ಬಟ್ಟೆ, ಒಂದು ಪ್ಯಾಂಟು, ಪ್ಲಾಸ್ಟಿಕ್ ಹಾಳೆ, ಮರೆಗೆ ಹಿಡಿಯಲು ಕೊಡೆ. ಇವರಿಗೆ ಬೆಳಿಗ್ಗೆಯಿಂದ ಚಹಾ ಬಂದ್, ನೀರು ಎರಡು ಗುಟುಕು. ಬಿಣಗಾ ಘಟ್ಟದ ತಿರುವಿನಲ್ಲಿ ಕಣ್ಣು ಮುಚ್ಚಿ ಕೂತವರು ಬಾಳೆಗುಳಿಯಲ್ಲೇ ಬಿಟ್ಟದ್ದು. ಇಳಿದು, ಅತ್ತ ಇತ್ತ ನೋಡಿ, ಪರೀಕ್ಷೆ ಪಾಸಾದವರಂತೆ ಮೆಲ್ಲಗೆ, "ಎಂತ ಆಗ್ಲಿಲ್ಲ" ಎಂದರು.

ಅತ್ತಿಗೆಗೆ ನಾವು ಬಂದದ್ದು ದೊಡ್ಡ ಸಂಭ್ರಮ. ಎಳನೀರು ಕೆತ್ತಿಸಿದಳು, ಮಜ್ಜಿಗೆ ತಂದಳು, ಚಹಾ ಮಾಡಿದಳು. ಇವರು ಪ್ರತಿಯೊಂದಕ್ಕೂ ಬೇಡ ಎಂದು ಕೈ ಆಡಿಸಿದರು. "ಭಾವಗೆ ನಮ್ಮನೆ ನೀರೂ ಬ್ಯಾಡ್ವಾ?" ಎಂದು ಅತ್ತಿಗೆಯ ಮುಖ ಸಣ್ಣದಾಯಿತು. ತವರಿನ ಮರ್ಯಾದೆಯ ಪ್ರಶ್ನೆ. ಕೊಟ್ಟದ್ದನ್ನು ಚೆಲ್ಲಿದರೆ ದೇವರು ಮೆಚ್ಚುತ್ತಾನೆಯೇ? ನನ್ನ ಪಾಲಿನದನ್ನೂ ಇವರ ಪಾಲಿನದನ್ನೂ ನಾನೇ ಕುಡಿದೆ.

ವಾಪಸು ಬರುವಾಗ ಬಸ್ಸು ಅಂಕೋಲೆ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತಿತು. ನಾನು ಇವರನ್ನು ಒತ್ತಾಯ ಮಾಡಿ ಇಳಿಸಿ, ಹೋಗಿ ಬರಲು ಕಳಿಸಿದೆ. ನನಗೆ ಆಗ ಏನೂ ಅವಸರ ಕಾಣಲಿಲ್ಲ, ಸೀಟು ಕಾಯುತ್ತ ಕೂತೆ. ಅಲ್ಲಿಯೇ ಗುನಗಿಯವರು ಹತ್ತಿದರು. ಕೈಗಾ ಬಸ್ಸಿನಲ್ಲಿ ಇವರ ಪಕ್ಕದ ಸೀಟು, ಬಸ್ಸಿನ ಅಷ್ಟೂ ಸುದ್ದಿಗೆ ಅವರೇ ಮೂಲ. "ಓಹೋ ನಾಯ್ಕ್ರು! ಹರ್ನಿಯಾ ಹ್ಯಾಂಗಿದೆ? ಸೋಮವಾರ ಬರ್ತ್ರಲಾ?" ಎಂದು ನಮ್ಮ ಹಿಂದೆಯೇ ಕೂತರು. ಇವರ ಮುಖ ಬಿಳುಪಾಯಿತು.

ಅವರ್ಸಾ ದಾಟಿದ್ದೇ ಅದಿರಿನ ಲಾರಿಗಳ ಸಾಲು ಸಿಕ್ಕಿತು. ಆ ವರ್ಷಗಳಲ್ಲಿ ನಮ್ಮ ಹೆದ್ದಾರಿಯಲ್ಲಿ ಮನುಷ್ಯರಿಗಿಂತ ಹೆಚ್ಚು ಕೆಂಪು ಮಣ್ಣೇ ಓಡಾಡುತ್ತಿತ್ತು. ಮುಂದೆ ಲಾರಿ, ಹಿಂದೆ ಲಾರಿ, ನಡುವೆ ನಮ್ಮ ಬಸ್ಸು ಆಮೆಯ ಹಾಗೆ. ಆಗ ನನಗೆ ಹೊಟ್ಟೆಯ ಕೆಳಗೆ ಸಣ್ಣದಾಗಿ ಏನೋ ಶುರುವಾಯಿತು. ದೇವರ ನಾಮ ಹೇಳಿಕೊಂಡೆ. ಬಸ್ಸು ಹೊಂಡಕ್ಕೆ ಇಳಿದಾಗಲೆಲ್ಲ ಎಳನೀರು ಬೇರೆ, ಮಜ್ಜಿಗೆ ಬೇರೆ, ಚಹಾ ಬೇರೆಯಾಗಿ ನೆನಪಾಯಿತು. ಅಮದಳ್ಳಿ ಬರುವುದರೊಳಗೆ ಕಾಲ್ಬೆರಳು ಮುದುಡಿ, ಹಣೆಯಲ್ಲಿ ಬೆವರು.

"ಎಂತಾಯ್ತು?" ಎಂದರು ಇವರು.

"ಎಂತಿಲ್ಲ."

ನನ್ನ ಕಾಲು ನೋಡಿದರು. ಎರಡೂವರೆ ತಿಂಗಳು ಇದನ್ನೇ ಓದಿದ ಪಂಡಿತರು, ಕ್ಷಣದಲ್ಲಿ ಗೊತ್ತಾಯಿತು. "ಉಸ್ರು ಬಿಡು. ಬಿಗಿಹಿಡಿ. ಹತ್ತರವರ್ಗೆ ಎಣ್ಸು" ಎಂದು ಕಿವಿಯಲ್ಲಿ ಹೇಳಿದರು. ನಾನು ಏಳರವರೆಗೆ ಎಣಿಸಿದೆ. "ಇನ್ನು ಆಗೂದಿಲ್ಲ" ಎಂದೆ. ಅಳು ಬಂದಿತ್ತು. ಬಸ್ಸಿನ ತುಂಬ ಜನ, ಪರಿಚಯದವರು, ಹಿಂದೆ ಗುನಗಿಯವರು. ಹೆಂಗಸೊಬ್ಬಳು ನಡುದಾರಿಯಲ್ಲಿ ಎದ್ದು ನಿಂತು ಬಸ್ ನಿಲ್ಲಿಸಿ ಎನ್ನುವುದುಂಟೇ?

ಇವರು ಎದ್ದು ನಿಂತರು. ಗೇಟು ದಾಟಲು ಹೆದರಿದ್ದ ಮನುಷ್ಯ, ಬಸ್ಸಿನ ಮೇಲಿನ ಕಂಬಿ ಹಿಡಿದು, ಡ್ರೈವರಿಗೂ ಕೇಳುವಂತೆ, "ಕಂಡಕ್ಟ್ರೆ, ಬಸ್ ನಿಲ್ಸಿ. ನಂಗೆ ಪ್ರೊಸ್ಟೇಟ್ ಆಪರೇಶನ್ ಆಗಿದೆ. ಕ್ಯಾನ್ಸರ್ ಇತ್ತು, ತೆಗ್ದಿದಾರೆ. ಮೂತ್ರ ತಡಿಯೂಕೆ ಆಗೂದಿಲ್ಲ" ಎಂದರು. ಬಸ್ಸಿನ ತಲೆಗಳೆಲ್ಲ ಇತ್ತ ತಿರುಗಿದವು. ಬಸ್ಸು ನಿಂತಿತು. "ಇವ್ಳೂ ಇಳೀಬೇಕು, ನಂಗೆ ಕೈ ಹಿಡೀಲಿಕ್ಕೆ ಜನ ಬೇಕು" ಎಂದು ನನ್ನ ರಟ್ಟೆ ಹಿಡಿದು ಇಳಿಸಿದರು.

ಗೇರು ಗಿಡದ ಮರೆಯಲ್ಲಿ ಕೊಡೆ ಬಿಚ್ಚಿ, ನನಗೆ ಬೆನ್ನು ತಿರುಗಿಸಿ, ಕಾವಲಿನವರಂತೆ ನಿಂತರು. ಅವರ ಭುಜಗಳು ಅಲುಗುತ್ತಿದ್ದವು. ನಗುತ್ತಿದ್ದಾರೆ! ಎರಡೂವರೆ ತಿಂಗಳ ಮೇಲೆ ಮೊದಲ ಸಲ. "ನಗ್ಬೇಡಿ, ನಿಮ್ಗೆ ಒದ್ದೆ ಆಗ್ತದೆ" ಎಂದೆ. "ಆಗ್ಲಿ ಬಿಡು, ಅಡ್ಡಿಲ್ಲ" ಎಂದರು.

ತಿರುಗಿ ಬಸ್ ಹತ್ತಿದಾಗ ಒಬ್ಬರೂ ನಗಲಿಲ್ಲ. ಬಾಗಿಲ ಹತ್ತಿರದ ಸೀಟಿನವರು ಎದ್ದು ಇವರಿಗೆ ಜಾಗ ಕೊಟ್ಟರು. ಈ ಸಂದಿನಲ್ಲೇ ಮೂವರು ಗಂಡಸರು ಇಳಿದು ಹೋಗಿ ಬಂದಿದ್ದರು. ಗುನಗಿಯವರು ಮುಂದೆ ಬಂದು ಬಗ್ಗಿ, ಜೀವಮಾನದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ, "ನಾಯ್ಕ್ರೆ, ನಂಗೂ ಒಂದು ವರ್ಷದಿಂದ ಸರಿ ಇಲ್ಲ, ಸಂಡಾಸದಲ್ಲಿ ನಿಂತೇ ಇರ್ತೆ. ಮನೇಲೂ ಹೇಳ್ಲಿಲ್ಲ. ಯಾವ ಡಾಕ್ಟ್ರು ಹೇಳಿ" ಎಂದರು. ಇವರು ಅವರ ಕೈಗೆ ಡಾಕ್ಟರ ಹೆಸರು ಬರೆದುಕೊಟ್ಟರು. ಎದುರಿನ ಸೀಟಿನ ಅಜ್ಜಿಯೊಬ್ಬಳು ನನ್ನ ಗಲ್ಲ ಹಿಡಿದು, "ಗಂಡನ ಸಂಗಡ ಮುಳ್ಳಿನಾಗೂ ಇಳೀತಿ ಮಗಾ, ದೇವ್ರು ಒಳ್ಳೇದ್ ಮಾಡ್ಲಿ" ಎಂದಳು. ನಾನು ತಲೆ ತಗ್ಗಿಸಿ ಆಶೀರ್ವಾದ ತೆಗೆದುಕೊಂಡೆ.

ಸೋಮವಾರ ಇವರು ಕೈಗಾಕ್ಕೆ ಹೋದರು. ಬಟ್ಟೆಯ ಗಂಟು ಕೊಡಲು ಹೋದರೆ ಒಂದೇ ಸಾಕು ಎಂದರು. ಸಂಜೆ ನಗುತ್ತ ಬಂದರು. ಅವರು ಕಾಲು ತೊಳೆಯುತ್ತಿದ್ದಾಗ ಬಾಳೆಗುಳಿಯಿಂದ ಅತ್ತಿಗೆಯ ಫೋನ್ ಬಂತು. ಸುದ್ದಿ ಅಲ್ಲಿಗೂ ಮುಟ್ಟಿತ್ತು.

"ಭಾವಗೆ ಬಸ್ಸಲ್ಲಿ ಭಾರೀ ಕಷ್ಟ ಆಯ್ತಂತಲೇ ಸುಮತಿ. ಪಾಪ." ಆಮೇಲೆ ಲೆಕ್ಕ ಹಾಕುವವಳಂತೆ ದನಿ ಎಳೆದಳು. "ಅಲ್ಲಾ, ಅವ್ರು ನಮ್ಮನೇಲಿ ಒಂದು ಹನಿ ನೀರೂ ಕುಡೀಲಿಲ್ಲ. ಎಲ್ಲಾ ನೀನೇ ಕುಡ್ದಿದ್ಯಲೇ?"

ನಲವತ್ತು ಐವತ್ತು ಜನರ ಎದುರು ಇವರು ಕಂಬಿ ಹಿಡಿದು ನಿಂತು ಹೇಳಿದ ಮಾತು. ಒಬ್ಬಳಿಗೆ, ಅದೂ ಸ್ವಂತ ಅತ್ತಿಗೆಗೆ, ಮುಖ ಕಾಣದ ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಸುಳ್ಳನ್ನೂ ಹೇಳಲಿಲ್ಲ.

"ಎಲ್ಲಾ ದೇವ್ರ ಇಚ್ಛೆ ಅತ್ತಿಗೆ" ಎಂದು ಫೋನ್ ಇಟ್ಟೆ.