ಮಗನ ಕೈ ಇನ್ನೂ ಎದ್ದಿಲ್ಲ

ನನ್ನ ಷಡ್ಡಕ ಓಸ್ವಾಲ್ದೊನ ಮಗಳು ಪಿಲಾರ್, ಹೊಸದಾಗಿ ಸುಣ್ಣ ಬಳಿದ ನಮ್ಮ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ತನ್ನ ಹೆಸರು ಬರೆದಳು. ಬೇರೆ ಯಾರ ಮಗುವಾಗಿದ್ದರೂ ಕಿವಿ ಹಿಂಡಿಸಿಕೊಳ್ಳುತ್ತಿತ್ತು. ಇವಳಿಗೆ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. (ತಟ್ಟದೆ ಏನು ಮಾಡಲಿ? ನನ್ನ ಹೆಂಡತಿ ಮಿರ್ತಾ ನನ್ನ ಮುಖವನ್ನೇ ನೋಡುತ್ತಿದ್ದಳು.)

ಪಿಲಾರಳಿಗೆ ನಾಲ್ಕೂವರೆ ವರ್ಷ. ನಮ್ಮ ತೊಬಿಯಾಸನಿಗೂ ನಾಲ್ಕೂವರೆ. ಅವಳು ಗೋಡೆಯ ಮೇಲೆ ಶಾಸನ ಕೆತ್ತುತ್ತಿದ್ದ ಆ ಐತಿಹಾಸಿಕ ಮುಹೂರ್ತದಲ್ಲಿ ನಮ್ಮ ಕುಲದೀಪಕ ಹಿತ್ತಲಿನ ಕಿತ್ತಳೆ ಮರದ ಬುಡದಲ್ಲಿ ಕೂತು, ಮೊಣಕೈವರೆಗೆ ಕೆಸರು ಮಾಡಿಕೊಂಡು, ಎರೆಹುಳುವಿಗೆ ಮನೆ ಕಟ್ಟಿಕೊಡುತ್ತಿದ್ದ.

"ಏನಯ್ಯಾ ವಿಸೆಂತೆ, ನಿನ್ನ ಮಗ ಇನ್ನೂ ಶುರು ಮಾಡಿಲ್ವಾ?" ಎಂದ ಓಸ್ವಾಲ್ದೊ. "ಬೋರ್ಡ್ ಬರೆಯೋನ ಮಗ, ಹುಟ್ತಾನೇ ಕುಂಚ ಹಿಡ್ಕೊಂಡು ಬಂದಿರ್ತಾನೆ ಅಂದ್ಕೊಂಡಿದ್ದೆ."

ಮಾತು ನೇರವಾಗಿ ಕರುಳಿಗೇ ನಾಟಿತು. ತುಕುಮಾನ್ ಪಟ್ಟಣದಲ್ಲಿ ನೀವು ಬ್ರೆಡ್ ಕೊಂಡರೆ, ಮಾಂಸ ಕೊಂಡರೆ, ಕೂದಲು ಕತ್ತರಿಸಿಕೊಂಡರೆ, ನನ್ನ ಅಕ್ಷರಗಳ ಕೆಳಗೆ ತಲೆ ಬಗ್ಗಿಸಿಯೇ ಒಳಗೆ ಹೋಗಿರುತ್ತೀರಿ. ನಮ್ಮ ಅಜ್ಜ ಬೋರ್ಡ್ ಬರೆದವರು, ಅಪ್ಪ ಬೋರ್ಡ್ ಬರೆದವರು. ಈ ಘನ ಪರಂಪರೆ ಎರೆಹುಳುವಿನ ಹತ್ತಿರ ಬಂದು ನಿಂತುಬಿಡುವುದೇ? ಕಣ್ಣ ಮುಂದೆ ತೊಬಿಯ ಮದುವೆ ಬಂದು ನಿಂತಿತು. ಚರ್ಚಿನ ದಾಖಲೆ ಪುಸ್ತಕದಲ್ಲಿ ಅವನು ಹೆಬ್ಬೆಟ್ಟು ಒತ್ತುತ್ತಿದ್ದಾನೆ, ಹೆಣ್ಣಿನ ಕಡೆಯವರು ಪಿಸುಗುಟ್ಟುತ್ತಿದ್ದಾರೆ. ಆ ಸಂಕಟದಲ್ಲಿ ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು.

"ಸ್ವಾತಂತ್ರ್ಯ ದಿನದ ಊಟಕ್ಕೆ ಬರ್ತೀಯಲ್ಲ, ಆವತ್ತು ನೋಡು. ಎಲ್ಲರ ಮುಂದೆ ನನ್ನ ಮಗ ಹೆಸರು ಬರೀತಾನೆ. ಮನೆತನದ ಹೆಸರೂ ಸೇರಿಸಿ!"

ಮರುದಿನವೇ ಶಿಶುವಿಹಾರಕ್ಕೆ ಓಡಿದೆ. ಮಿರ್ತಾ ಬೆಂಗಾವಲಿಗೆ ಬಂದಳು. ನೊಯೆಮಿ ಮಿಸ್ ನನ್ನ ಅಹವಾಲು ಕೇಳಿ ಪ್ರಶ್ನೆ ಶುರು ಮಾಡಿದರು.

"ತೊಬಿ ಅಂಗಿ ಗುಂಡಿ ತಾನೇ ಹಾಕ್ಕೊಳ್ತಾನಾ?"

"ಅವರಮ್ಮ ಹಾಕ್ತಾಳೆ."

"ಕತ್ತರಿ ಹಿಡೀತಾನಾ?"

"ಮುಟ್ಟೋಕೇ ಬಿಟ್ಟಿಲ್ಲ."

"ಕಂಬಿ ಹಿಡ್ಕೊಂಡು ಜೋತಾಡ್ತಾನಾ?"

"ಮಿಸ್, ನಾನು ಕೇಳ್ತಿರೋದು ಬರೆಯೋದರ ವಿಷಯ. ಸರ್ಕಸ್ಸಿಗೆ ಸೇರಿಸೋಕೆ ಬಂದಿಲ್ಲ."

"ಬರೆಯೋದು ಶುರುವಾಗೋದೇ ಭುಜದಿಂದ ಸಾರ್. ಭುಜ ಗಟ್ಟಿಯಾಗಬೇಕು, ಆಮೇಲೆ ಮಣಿಕಟ್ಟು, ಕೊನೆಗೆ ಬೆರಳು. ಕೆಲವು ಮಕ್ಕಳಿಗೆ ಐದಕ್ಕೆ ಬರುತ್ತೆ, ಕೆಲವಕ್ಕೆ ಆರಾಗುತ್ತೆ. ಈಗ್ಲೇ ಕೈಗೆ ಪೆನ್ಸಿಲ್ ತುರುಕಿದ್ರೆ ಬರೆಯೋದು ಅಂದ್ರೇನೇ ಬೇಡ ಅನ್ನಿಸಿಬಿಡುತ್ತೆ. ಕೆಸರಲ್ಲಿ ಆಡ್ತಾನೆ ಅಂದ್ರಲ್ಲ, ಆಡ್ಲಿ ಬಿಡಿ."

ಕೆಸರಿನಲ್ಲಿ ಆಡುವುದಕ್ಕೆ ನಮ್ಮ ಹಿತ್ತಲೇ ಸಾಕಿತ್ತಲ್ಲ, ಇಲ್ಲಿಗೆ ಯಾಕೆ ಕಳಿಸಬೇಕು ಎಂದು ಕೇಳಬೇಕೆನ್ನಿಸಿತು. ಮಿರ್ತಾ ಕಾಲು ತುಳಿದಳು. ಹೊರಗೆ ಬಂದ ಮೇಲೆ ತೀರ್ಪನ್ನೂ ಕೊಟ್ಟಳು: "ಮಿಸ್ಸು ಹೇಳಿದ ಹಾಗೇ ಆಗ್ಲಿ. ಆ ಮಗು ಕೈಯಲ್ಲಿ ಪೆನ್ಸಿಲ್ ಕಂಡ್ರೆ ಗ್ರಹಚಾರ ಬಿಡಿಸ್ತೀನಿ."

ಆದರೆ ಮಿರ್ತಾ ನಿದ್ದೆ ಮಾಡುವಾಗ ಕಾಣುವುದು ಹೇಗೆ? ನಮ್ಮೂರಲ್ಲಿ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಗಳ ಬಾಗಿಲು ಬೀಳುತ್ತದೆ, ನಾಯಿ ಕೂಡ ಬೊಗಳಲು ಸಂಕೋಚಪಡುತ್ತದೆ. ಆ ಪವಿತ್ರ ವೇಳೆಯಲ್ಲಿ ನಾನು ಮಗನನ್ನು ಹೆಗಲ ಮೇಲೆ ಹಾಕಿಕೊಂಡು, ಬೆಕ್ಕಿನ ಹೆಜ್ಜೆಯಲ್ಲಿ ಬಣ್ಣದ ಕೋಣೆ ಸೇರಿದೆ. ನನ್ನ ಮುಷ್ಟಿಯೊಳಗೆ ಅವನ ಪುಟ್ಟ ಮುಷ್ಟಿ ಹಿಡಿದು ವಿದ್ಯಾದಾನ ಆರಂಭಿಸಿದೆ. ದಿನವೂ ಇದೇ ನಡೆಯಿತು, ಎಲ್ಲವೂ ಪಿಸುಮಾತಿನಲ್ಲಿ.

"ಅಪ್ಪಾ, ಹುಳು ನೋಡ್ಕೊಂಡು ಬರ್ಲಾ?"

"ಶ್! ಅಮ್ಮ ಏಳ್ತಾಳೆ. ಇನ್ನೊಂದು ಸಲ B."

"ಇದಕ್ಕೆ ಯಾಕೆ ಎರಡು ಹೊಟ್ಟೆ?"

"ಊಟ ಜಾಸ್ತಿ ಮಾಡುತ್ತೆ. ನೀನು ಬರಿ."

ಅಕ್ಷರಗಳು ಎಷ್ಟು ದುಂಡಗೆ ಮೂಡಿದವೆಂದರೆ ನನಗೇ ಗಾಬರಿಯಾಯಿತು. ಇಷ್ಟು ಬೇಗ ಇಷ್ಟು ಪ್ರಗತಿ! (ಅದು ಯಾರ ಕೈಯ ಪ್ರಗತಿ ಎಂದು ಯೋಚಿಸಲಿಲ್ಲ. ಹೆದರಿದ ಗಂಡಸು ಅಂಥ ಅಧಿಕಪ್ರಸಂಗದ ಪ್ರಶ್ನೆ ಕೇಳಿಕೊಳ್ಳುವುದಿಲ್ಲ.)

ಸ್ವಾತಂತ್ರ್ಯ ದಿನ ಬಂತು. ಅತ್ತೆ ದೋನ್ಯಾ ಎಲ್ವಿರಾ ಬೆಳಿಗ್ಗೆಯೇ ನಮ್ಮ ಅಡುಗೆಮನೆಯನ್ನು ವಶಪಡಿಸಿಕೊಂಡು ಎಂಪನಾದ ಮಾಡಲು ಕೂತರು. ಮಾಂಸದ ಹೂರಣ ತುಂಬಿ, ಅಂಚನ್ನು ಜಡೆಯಂತೆ ಮಡಿಸಿ, ಕುದಿಯುವ ಕೊಬ್ಬಿನಲ್ಲಿ ಕರಿಯುವ ಕಡುಬು ಅದು. ಅದಿಲ್ಲದೆ ನಮ್ಮವರಿಗೆ ಸ್ವಾತಂತ್ರ್ಯ ಬಂದಂತೆಯೇ ಅಲ್ಲ. ನಾನು ಅಂಗಳದಲ್ಲಿ ಕಪ್ಪು ಹಲಗೆ ನಿಲ್ಲಿಸಿ, ನೆಂಟರನ್ನೆಲ್ಲ ಕೂರಿಸಿ, ತೊಬಿಯ ಕೈಗೆ ಸೀಮೆಸುಣ್ಣ ಕೊಟ್ಟೆ.

ಅವನು ಗಂಭೀರವಾಗಿ ಹಲಗೆಯ ಮುಂದೆ ನಿಂತ. ಕೈ ಚಾಚಿದ. ಚಾಚಿಕೊಂಡೇ ಇದ್ದ.

"ಬರಿ ಮಗಾ," ಎಂದೆ.

"ನೀನು ಬಾ."

"ನಾನ್ಯಾಕೋ?"

"ನನ್ನ ಕೈ ಇನ್ನೂ ಎದ್ದಿಲ್ಲ ಅಪ್ಪಾ. ಅಮ್ಮ ಮಲಗಿದಾಗ ನೀನೇ ಓಡಿಸ್ತೀಯಲ್ಲ, ಹಾಗೆ ಓಡಿಸು."

ಮಿರ್ತಾಳ ಕಡೆ ನೋಡುವ ಧೈರ್ಯ ನನಗೆ ಬರಲಿಲ್ಲ. ಓಸ್ವಾಲ್ದೊ ಮೊದಲು ನಕ್ಕ, ಆಮೇಲೆ ಎಲ್ಲರೂ ನಕ್ಕರು. ತೊಬಿಯ ತುಟಿ ಅದುರಿತು. "ನಂಗೆ ಬರೆಯೋದು ಬೇಡ! ಯಾವತ್ತೂ ಬೇಡ!" ಎಂದು ಸೀಮೆಸುಣ್ಣ ಎಸೆದು ಅಡುಗೆಮನೆಗೆ ಓಡಿದ.

ನೆಂಟರ ನಗು ನನ್ನನ್ನು ಅಷ್ಟಾಗಿ ನೋಯಿಸಲಿಲ್ಲ. ನೋಯಿಸಿದ್ದು ಆ 'ಯಾವತ್ತೂ' ಎನ್ನುವ ಮಾತು. ಮಿಸ್ಸು ಹೆದರಿಸಿದ್ದನ್ನು ನಾನೇ ಕೈಯಾರೆ ಮಾಡಿಬಿಟ್ಟೆನಲ್ಲ ಎಂದು ಒಳಗೆ ಓಡಿದೆ.

ತೊಬಿ ಅಜ್ಜಿಯ ಪಕ್ಕದ ಮಣೆಯ ಮೇಲೆ ಕೂತು, ಕೆನ್ನೆ ಒದ್ದೆ ಮಾಡಿಕೊಂಡೇ ಎಂಪನಾದದ ಅಂಚು ಚಿವುಟುತ್ತಿದ್ದ.

"ತೊಬಿ, ಅಪ್ಪ ಹೇಳೋದು ಕೇಳು…"

"ಅಳಿಯಾ, ಅಡುಗೆಮನೆಗೆ ಬಂದೋರು ಭಾಷಣ ಮಾಡಬಾರದು," ಎಂದರು ಅತ್ತೆ. "ಕೂತ್ಕೊಂಡು ನೀನೂ ಮಡಿಸು."

ಕೂತೆ. ಜೀವಮಾನದಲ್ಲಿ ಮೊದಲ ಸಲ ಮಡಿಸಿದೆ. ಆದರೂ ಕಲಾವಿದನ ಕೈ! ಒಂದೊಂದು ಅಂಚಿಗೂ ಬೋರ್ಡಿಗೆ ಕೊಡುವಂಥ ಸುರುಳಿ ಕೊಟ್ಟೆ. ತೊಬಿಯವು ದಪ್ಪ ದಪ್ಪಗೆ, ಸೊಟ್ಟ ಸೊಟ್ಟಗೆ ಇದ್ದವು. ಪಾಪ, ಮಗು. ಎಲ್ಲವನ್ನೂ ಒಂದೇ ತಟ್ಟೆಯಲ್ಲಿಟ್ಟುಕೊಂಡು ಅತ್ತೆ ಅಂಗಳದ ಒಲೆಗೆ ಹೋದರು. ನಾವೂ ಹಿಂದೆ ಹೋದೆವು.

ಬಾಣಲೆಗೆ ಬಿಟ್ಟ ಮರುಕ್ಷಣ ಪಟಾರ್ ಎಂದಿತು. ಇನ್ನೊಂದು ಪಟಾರ್. ಅಂಚು ಬಿಚ್ಚಿ ರಸ ಸೋರಿ, ಕೊಬ್ಬು ಸಿಡಿದು, ಓಸ್ವಾಲ್ದೊ ತನ್ನ ಬಿಳಿ ಅಂಗಿ ಹಿಡಿದುಕೊಂಡು ಬೇಲಿಯವರೆಗೆ ನೆಗೆದ.

"ಯಾರು ಮಡಿಸಿದ್ದು ಇದನ್ನ?" ಅತ್ತೆ ಗುಡುಗಿದರು.

"ಹೋಗ್ಲಿ ಬಿಡಿ ಅತ್ತೆ," ಎಂದ ಓಸ್ವಾಲ್ದೊ, ಅಂಗಿ ಒರೆಸಿಕೊಳ್ಳುತ್ತ ದೊಡ್ಡ ಮನಸ್ಸು ಮಾಡಿ. "ತೊಬಿ ಇರ್ಬೇಕು. ಎಳೇ ಬೆರಳು, ಬಿಗಿ ಇರಲ್ಲ."

ಎಲ್ಲರೂ ಅಯ್ಯೋ ಪಾಪ ಎಂದರು. ನಾನು ಆಕಾಶ ನೋಡಿದೆ. (ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?)

"ಒಡೆದಿದ್ದೆಲ್ಲ ಅಪ್ಪಂದು," ಎಂದ ತೊಬಿ. "ನಂದು ಒಂದೂ ಒಡೆದಿಲ್ಲ."

ನಿಜವೇ. ಅವನ ಸೊಟ್ಟ ಎಂಪನಾದಗಳು ಬಾಯಿ ಬಿಗಿದುಕೊಂಡು, ಹೊಂಬಣ್ಣಕ್ಕೆ ತಿರುಗಿ, ಬಾಣಲೆಯಲ್ಲಿ ನೆಮ್ಮದಿಯಾಗಿ ತೇಲುತ್ತಿದ್ದವು.

ಮಿರ್ತಾ ಬಾಯಿ ತೆರೆದಳು. ಅತ್ತೆ ಕೈಯೆತ್ತಿ ತಡೆದರು. "ಗದರಿಸಬೇಡ ಮಿರ್ತಾ. ನಿನ್ನ ಗಂಡನಿಗೆ ಇನ್ನೂ ನಲವತ್ತೆರಡು ವರ್ಷ ತಾನೇ. ಕೆಲವರಿಗೆ ತಡವಾಗುತ್ತೆ."

ಅಂದು ಒಡೆದವೆಲ್ಲ ನನ್ನ ತಟ್ಟೆಗೇ ಬಿದ್ದವು. ತೊಬಿ ಮಾತ್ರ ತನ್ನದೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ.

"ಸುಡುತ್ತೆ, ಊದ್ಕೊಂಡು ತಿನ್ನು," ಎಂದ. ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಟ್ಟುಸಿರು ಬಿಟ್ಟು ಸೇರಿಸಿದ: "ಕಾಲು ಅಗಲ ಮಾಡಿ ನಿಂತ್ಕೋ ಅಪ್ಪಾ, ಪ್ಯಾಂಟಿನ ಮೇಲೆ ಸುರಿಸ್ಕೋತೀಯ."

ಕಾಲು ಅಗಲ ಮಾಡಿ ನಿಂತೆ. ಆದರೂ ಸುರಿಯಿತು.