ರಿಫಾ ಕೋಟೆಗೆ ಶಿರಸ್ತೇದಾರರ ಭೇಟಿ

ಊರಿನಿಂದ ಬಂದ ಹಿರಿಯರಿಗೆ ಬಹರೈನ್ ತೋರಿಸಲು ಹೊರಟ ಅಳಿಯಂದಿರಿಗೆಲ್ಲ ಇಂಥ ಅನುಭವಗಳು ಆಗುತ್ತಲೇ ಇರುತ್ತವೆ. ನನಗೆ ಎಲ್ಲವೂ ಒಂದೇ ಶನಿವಾರ ಆದದ್ದರಿಂದ ಬರೆದಿಡುವುದು ಸುಲಭವಾಯಿತು.

ಹತ್ತನೆಯ ದಿನ

ಮಾವನವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ದಿನಕ್ಕೆ ನೂರು ಜನರ ಜೊತೆ ಮಾತಾಡಿ, ಅವರಲ್ಲಿ ತೊಂಬತ್ತು ಜನರಿಗೆ "ನಾಳೆ ಬನ್ನಿ" ಎಂದು ಹೇಳಿ ಅಭ್ಯಾಸವಾದವರು. ಇಲ್ಲಿಗೆ ಬಂದ ಹತ್ತೇ ದಿನಕ್ಕೆ ಬಾಡಿಹೋದರು. ನಾನು ಸೀಫ್ ಬಡಾವಣೆಯ ಆಫೀಸಿಗೆ, ಹೆಂಡತಿ ಬ್ಯಾಂಕಿಗೆ, ಮಗಳು ಸ್ಕೂಲಿಗೆ. ಸ್ಕೂಲಿಂದ ಬಂದ ಮೇಲೆ ಅವಳು ಇಂಗ್ಲಿಷಿಗೆ.

"ಟಿಕೆಟ್ ಈ ವಾರಕ್ಕೇ ಬದಲಾಯಿಸಿಬಿಡಿ ಅಳಿಯಂದ್ರೇ. ಗೋಡೆ ಜೊತೆ ಎಷ್ಟು ದಿನ ಮಾತಾಡ್ಲಿ?" ಎಂದರು.

ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು. "ರೀ, ಅಪ್ಪ ಇನ್ನೊಂದು ತಿಂಗಳಾದ್ರೂ ಇರ್ಬೇಕು. ಅಮ್ಮ ಹೋದ ಮೇಲೆ ಮೊದಲನೇ ಸಲ ಬಂದಿದಾರೆ. ಶನಿವಾರ ಎಲ್ಲಾದ್ರೂ ಕರ್ಕೊಂಡು ಹೋಗಿ ಮನಸ್ಸು ತಿರುಗ್ಸಿ. ಮಾಲ್ ಮಾತ್ರ ಬೇಡ."

ಮಾಲ್ ಬಿಟ್ಟರೆ ನನಗೆ ಗೊತ್ತಿದ್ದದ್ದು ದಕ್ಷಿಣದ ಹಳೆಯ ಊರು ರಿಫಾ. ಅಲ್ಲಿ ಕೋಟೆಯಿದೆ ಎಂದೆ. ಮಾವನವರು ನಿಟ್ಟುಸಿರುಬಿಟ್ಟು, "ಸರಿ, ಗೋಡೆಯಾದ್ರೂ ಬೇರೆ ಆಗುತ್ತೆ" ಎಂದರು.

ದಾರಿ

ರಿಫಾದ ಗಲ್ಲಿಗಳಲ್ಲಿ ನಾನು ಮೂರು ಸಲ ಒಂದೇ ಮಸೀದಿಯ ಮುಂದೆ ಬಂದೆ. ಮೂರನೆಯ ಸಲ ಮಾವನವರು ಕಿಟಕಿ ಇಳಿಸಿ, ಗೇಟಿನ ಬಳಿ ಕೂತಿದ್ದ ಬಿಳಿ ಗಡ್ಡದ ಅರಬ್ ಮುದುಕರೊಬ್ಬರನ್ನು ಕನ್ನಡದಲ್ಲೇ ಕೇಳಿದರು: "ಯಜಮಾನ್ರೇ, ಇಲ್ಲಿ ಕಿಲ್ಲಾ ಎಲ್ಲಿದೆ?"

ಮುದುಕರು ಕೈ ನೆಟ್ಟಗೆ ಮುಂದೆ ಚಾಚಿದರು. "ಸೀದಾ. ಸೀದಾ."

ಅರಬ್ಬಿಯಲ್ಲೂ ಇಲ್ಲಿಯವರು ನೇರಕ್ಕೆ ಸೀದಾ ಎಂದೇ ಹೇಳುತ್ತಾರೆಂದು ನಾನು ವಿವರಿಸಹೊರಟೆ. ಮಾವನವರು ಕೇಳಿಸಿಕೊಳ್ಳಲಿಲ್ಲ.

"ಎಷ್ಟು ಶುದ್ಧ ಕನ್ನಡ ನೋಡಿ. ನೀವು ಹನ್ನೊಂದು ವರ್ಷದಿಂದ ಇಲ್ಲಿದ್ದೂ ಬಲಕ್ಕೇ ತಿರುಗ್ತಾ ಇದ್ರಿ."

ಕಾಫಿ

ಸೀದಾ ಹೋಗುವ ದಾರಿಯಲ್ಲೊಂದು ಸಣ್ಣ ಚಹಾ ಅಂಗಡಿ. ಮಾವನವರು ತಾವೇ ಇಳಿದು ಅಂಗಡಿಯ ಅರಬನನ್ನು "ಕಾಫಿ?" ಎಂದು ಕೇಳಿದರು.

"ಮಾಫಿ" ಎಂದ ಆತ. ಇಲ್ಲ ಎಂದರ್ಥ.

ಮಾವನವರ ಮುಖ ಕರಗಿತು. ಆತನ ಕೈ ಹಿಡಿದು, "ಪರವಾಗಿಲ್ಲಪ್ಪ, ಇಷ್ಟಕ್ಕೆಲ್ಲ ಮಾಫಿ ಕೇಳ್ಬಾರ್ದು" ಎಂದು ಸಮಾಧಾನ ಹೇಳಿದರು. ಕಾರಿಗೆ ಬಂದವರು ಮಗಳ ಕಡೆ ತಿರುಗಿದರು: "ಕಾಫಿ ಇಲ್ಲ ಅಂತ ಕ್ಷಮೆ ಕೇಳ್ತಾನಮ್ಮ! ನಾನು ಮೂವತ್ತು ವರ್ಷ ಎಷ್ಟು ಜನರಿಗೆ ಇಲ್ಲ ಅಂದಿದೀನಿ. ಒಬ್ಬರ ಹತ್ರಾನೂ ಕೇಳ್ಲಿಲ್ಲ."

ಖರಾಬು

ಕೋಟೆ ಚಿಕ್ಕದು, ಚೊಕ್ಕಟ. ಮಗಳು ಒಂದು ಸುತ್ತು ಓಡಿ ಬಂದು "ಈಸ್ ದಟ್ ಆಲ್?" ಎಂದಳು. ನಾನು ಅವಳ ಫೋಟೋ ತೆಗೆಯಲು ಮೇಲಿನ ಬುರುಜಿಗೆ ಹತ್ತಿದೆ, ಹೆಂಡತಿಯೂ ಬಂದಳು. ಮಾವನವರು ನೀರಿನ ಬಾಟಲಿ ತರುತ್ತೇನೆಂದು ಕಾರಿನ ಕೀಲಿ ಇಸಿದುಕೊಂಡು ಕೆಳಗೇ ಉಳಿದರು.

ಕೋಟೆಯ ಕೆಳಗೆ ದೊಡ್ಡ ಕಣಿವೆ, ಮುಕ್ಕಾಲು ಪಾಲು ಬೋಳು. ಅಷ್ಟು ಜಮೀನು ಸುಮ್ಮನೆ ಬಿದ್ದಿರುವುದನ್ನು ಕಂಡು ಕಂದಾಯ ಇಲಾಖೆಯ ಜೀವ ತಡೆಯಲಿಲ್ಲ. ಬೇಸಾಯಕ್ಕೆ ಬಾರದ ಜಮೀನಿಗೆ ನಮ್ಮ ದಾಖಲೆಗಳಲ್ಲಿ ಖರಾಬು ಎನ್ನುತ್ತಾರೆ. ಮಾವನವರು ಕೋಟೆಯ ಅರಬ್ ಕಾವಲುಗಾರನನ್ನು ಕರೆದು, ಕಣಿವೆಯತ್ತ ಬೆರಳು ಮಾಡಿ, "ಖರಾಬ್?" ಎಂದು ಕೇಳಿದರು.

ಬೆರಳಿಗೂ ಕಣಿವೆಗೂ ನಡುವೆ ನಮ್ಮ ಕಾರು ನಿಂತಿತ್ತು.

ಬುರುಜಿನಿಂದ ನಾನು ಕಂಡದ್ದು ಇಷ್ಟು: ಕಾರಿನ ಬಾನೆಟ್ ತೆರೆದಿದೆ. ಕಾವಲುಗಾರ ಮತ್ತು ಇನ್ನು ಮೂವರು ಅದರೊಳಗೆ ತಲೆ ಹಾಕಿದ್ದಾರೆ. ಪಕ್ಕದಲ್ಲಿ ಮಾವನವರು, ಕೈ ಬೆನ್ನ ಹಿಂದೆ ಕಟ್ಟಿ, ಸ್ಥಳ ತನಿಖೆಯ ಭಂಗಿಯಲ್ಲಿ.

ನಾನು ಓಡಿಬಂದು, ಇಲ್ಲಿಯ ಅರಬರಿಗೂ ಅಷ್ಟಿಷ್ಟು ಬರುವ ಹಿಂದಿಯಲ್ಲಿ "ಗಾಡಿ ಸರಿಯಾಗಿದೆ" ಎಂದೆ. ಕಾವಲುಗಾರ ಮಾವನವರನ್ನು ತೋರಿಸಿ, "ಬಾಬಾ ಬೋಲಾ ಖರಾಬ್" ಎಂದ. ನಾನು ಕಾರು ಚಾಲೂ ಮಾಡಿ ತೋರಿಸಿದೆ. ನಾಲ್ವರೂ ಚಪ್ಪಾಳೆ ತಟ್ಟಿದರು, ತಾವೇ ರಿಪೇರಿ ಮಾಡಿದೆವೆಂದು.

"ಬಾನೆಟ್ ತೆಗೆಯೋಕೆ ಯಾಕೆ ಬಿಟ್ರಿ ಮಾವ?"

"ಅಳತೆ ಟೇಪು ಹುಡುಕ್ತಿದಾರೆ ಅಂದ್ಕೊಂಡೆ."

ಹಿಸ್ಸಾ

ರಿಪೇರಿಯ ಸಂತೋಷಕ್ಕೆ ಕಾವಲುಗಾರ ಖರ್ಜೂರ ತಂದ, ಫ್ಲಾಸ್ಕಿನಿಂದ ಅರಬ್ಬಿ ಕಾಫಿ ಕಾವಾ ಬಗ್ಗಿಸಿದ. ಮಾವನವರು ಅವನ ಪಕ್ಕದಲ್ಲಿ ಕೂತರು. ನಾವು ಮೂವರೂ ಕಣಿವೆಗೆ ಇಳಿದು, ಒಂದು ಗಂಟೆ ನಡೆದಾಡಿ ವಾಪಸ್ ಬಂದಾಗಲೂ ಕೂತೇ ಇದ್ದರು. ದೂರದಿಂದ ಮಾತು ಕೇಳುತ್ತಿತ್ತು. "ಮಾಲೀಕ?" "ವಕೀಲ್!" "ತಾರೀಖು?" ನಮ್ಮ ಕಚೇರಿಯ ಎಷ್ಟೋ ಪದಗಳು ಅರಬ್ಬಿಯಿಂದಲೇ ಬಂದವು; ಒಂದೊಂದು ಪದಕ್ಕೂ ಇಬ್ಬರೂ ತಲೆಯಾಡಿಸುತ್ತಿದ್ದರು. ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದಿದ್ದರು. ಮಾವನವರು ಎರಡು ಬೆರಳು ಜೋಡಿಸಿ, ಆಮೇಲೆ ದೂರ ಸರಿಸಿ, ಆಸ್ತಿಯ ಪಾಲು ಎಂಬರ್ಥದಲ್ಲಿ "ಹಿಸ್ಸಾ?" ಎಂದರು.

ಕಾವಲುಗಾರನ ಕಣ್ಣು ತುಂಬಿತು. "ಹಿಸ್ಸಾ!" ಎಂದು ಅವರ ಭುಜ ಹಿಡಿದುಕೊಂಡ.

ಕಾರು ಹೊರಟಾಗ ಹಿಂದಿನ ಸೀಟಿನಲ್ಲಿ ಮಾವನವರು ಇಲ್ಲಿಗೆ ಬಂದ ಮೇಲೆ ಮೊದಲ ಬಾರಿಗೆ ನೆಟ್ಟಗೆ ಕೂತಿದ್ದರು. "ಬುದಯ್ಯ ಅನ್ನೋ ಊರಲ್ಲಿ ಅವರ ಮನೆತನದ ಖರ್ಜೂರದ ತೋಟ. ಅವನ ಅಣ್ಣ ಬಾವಿ ಕಡೆಯ ಭಾಗ ಪೂರ್ತಿ ನುಂಗಿದಾನೆ. ಪಾಪದ ಮನುಷ್ಯ, ಕಾಗದ ಹಿಡ್ಕೊಂಡು ಅಲೀತಿದಾನೆ. ಮುಂದಿನ ಶನಿವಾರ ನಕ್ಷೆ ತರೋಕೆ ಹೇಳಿದೀನಿ. ಟಿಕೆಟ್ ಈಗ ಬೇಡ. ಕೇಸು ಇತ್ಯರ್ಥ ಆಗೋವರೆಗೂ ನಾನು ಇಲ್ಲೇ ಇರ್ತೀನಿ."

ಹೆಂಡತಿ ಕಣ್ಣೊರೆಸಿಕೊಂಡು ನನ್ನ ಕೈ ಅದುಮಿದಳು. ಆಮೇಲೆ ಹಿಂದೆ ತಿರುಗಿ ಕೇಳಿದಳು: "ಇತ್ಯರ್ಥಕ್ಕೆ ಸುಮಾರು ಎಷ್ಟು ದಿನ ಆಗುತ್ತಪ್ಪಾ?"

ಮಾವನವರು ಕಣ್ಣು ಮುಚ್ಚಿ ಲೆಕ್ಕ ಹಾಕಿದರು.

"ನಮ್ಮ ಕಡೆ ಹದಿನಾಲ್ಕು ವರ್ಷ ಹಿಡಿಯುತ್ತಮ್ಮ. ಆದ್ರೆ ಇದು ಸಣ್ಣ ದೇಶ. ಒಂಬತ್ತರಲ್ಲಿ ಮುಗಿಸಬಹುದು."