ಮೇಲ್ದರ್ಜೆಗೇರಿದ ಚಪ್ಪಟೆ ಕಾರು

ಹೆಂಡತಿಯ ಕಾರಿನ ಹೊಟ್ಟೆ ತರಚಿಸುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವ ಗಂಡ ಇಡೀ ಹಾಸನ ಜಿಲ್ಲೆಯಲ್ಲಿ ನನ್ನೊಬ್ಬಳಿಗೇ ಇರುವುದು. ನಮ್ಮ ಯಜಮಾನರು ಮೋಹನ್‌ಕುಮಾರ್ ರಸ್ತೆ ಇಂಜಿನಿಯರು. ರಸ್ತೆ ಮಾಡಿಸುತ್ತಾರೆ, ಸಂತೋಷ. ಆದರೆ ಮಾಡಿಸಿದ ರಸ್ತೆಯ ಮೇಲೆ ಜನ ಸುಖವಾಗಿ ಓಡಾಡುವುದನ್ನು ಕಂಡರೆ ಅವರಿಗೆ ತಡೆಯಲಾಗುವುದಿಲ್ಲ. ಅಡ್ಡಲಾಗಿ ಒಂದು ಹಂಪ್ ಹಾಕಿಸಿದ ಮೇಲೇ ಅವತ್ತು ರಾತ್ರಿ ಅವರಿಗೆ ನಿದ್ದೆ.

ನನ್ನದೋ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ, ಎರಡು ಬಾಗಿಲು, ಎರಡೇ ಸೀಟು. ನೆಲಕ್ಕೂ ಅದರ ಹೊಟ್ಟೆಗೂ ನಡುವೆ ಬೆಕ್ಕೊಂದು ತಲೆ ತಗ್ಗಿಸಿಕೊಂಡು ದಾಟಬಹುದು, ಅಷ್ಟೆ. ಚನ್ನರಾಯಪಟ್ಟಣದ ಹತ್ತಿರ ನನ್ನದೊಂದು ಕೊಬ್ಬರಿ ಎಣ್ಣೆಯ ಗಾಣವಿದೆ. ದಿನಾ ಹಾಸನದಿಂದ ಹೋಗಿ ಬರಬೇಕು. ಗಾಣ ಚೆನ್ನಾಗಿ ತಿರುಗಿದ ವರ್ಷ ಮೈಸೂರಿನ ಡಾಕ್ಟರೊಬ್ಬರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. (ನನ್ನ ಓರಗೆಯವರೆಲ್ಲ ಬಳೆ ಮಾಡಿಸಿಕೊಂಡರು. ಬಳೆ ಹಾಕಿಕೊಂಡು ಹದಿನೈದು ನಿಮಿಷಕ್ಕೆ ಶಾಂತಿಗ್ರಾಮ ದಾಟುವುದಕ್ಕಾಗುತ್ತದೆಯೇ, ನೀವೇ ಹೇಳಿ.)

ನಮ್ಮತ್ತೆ ನಂಜಮ್ಮನವರು ಅದನ್ನು ಮೊದಲ ದಿನ ನೋಡಿ, "ಏನೇ ಮೇಗ, ಇದ್ರ ಮೇಲೆ ಲಾರಿ ಅತ್ತೈತಾ?" ಎಂದು ಕೇಳಿದ್ದರು. ಅವರ ಬಾಯಲ್ಲಿ ನಾನು ಮೇಗ, ಅಂದಿನಿಂದ ಅದು ಚಪ್ಪಟೆ ಕಾರು. ಒಂದು ಸಲವೂ ಕೂರಲಿಲ್ಲ. "ನೆಲದ ಮೇಲೆ ಕುಂತ್ಕಳಾದಾದ್ರೆ ಮನೇಲೇ ಚಾಪೆ ಐತೆ" ಎನ್ನುವರು.

ಕಾರಿಗೆ ಎಂಟು ವರ್ಷ ತುಂಬಿತು. ಎಂಜಿನ್ನು ಮೊದಲಿನ ಹಾಗೆ ಚಿಮ್ಮುವುದಿಲ್ಲ. ನನ್ನ ಮುಂದೆ ಎರಡು ದಾರಿಗಳು ತೆರೆದುಕೊಂಡವು. ಇದ್ದುದನ್ನೇ ಅಪ್‌ಗ್ರೇಡ್ ಮಾಡಿಸುವುದು, ಇಲ್ಲವೇ ಇದರಪ್ಪನಂಥದ್ದೊಂದನ್ನು ಹೊಸದಾಗಿ ಕೊಳ್ಳುವುದು. ಒಂದು ಸಂಜೆ ಕಾಫಿ ಕೊಟ್ಟು ಯಜಮಾನರ ಅಮೂಲ್ಯ ಅಭಿಪ್ರಾಯ ಕೇಳಿದೆ.

"ಮೂರನೇದೂ ಒಂದೈತಲ್ಲ" ಎಂದರು ಪೇಪರಿನ ಹಿಂದಿನಿಂದ.

"ಏನ್ರೀ ಅದು?"

"ನಿಧಾನಕ್ಕೆ ಹೋಗೋದು."

ಮನೆಯಲ್ಲಿ ತಜ್ಞರನ್ನು ಇಟ್ಟುಕೊಂಡರೆ ಆಗುವ ಪ್ರಯೋಜನ ಇಷ್ಟೇ. ನಾನು ಸೀದಾ ಕೀರ್ತಿರಾಜ್ ಗ್ಯಾರೇಜಿಗೆ ಹೋದೆ. ಹಾಸನದಲ್ಲಿ ನನ್ನ ಕಾರಿನ ಬಾನೆಟ್ ಎತ್ತುವ ಧೈರ್ಯವಿರುವ ಏಕೈಕ ಮೆಕ್ಯಾನಿಕ್ ಅವನು. ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, ಭಕ್ತಿಯಿಂದ ಅಂದ:

"ಮೇಡಂ, ಹೊಸದು ಯಾಕೆ ಬೇಕು? ಟರ್ಬೊ ಚೇಂಜ್ ಮಾಡಾಣ. ಸೈಲೆನ್ಸರ್ ದೊಡ್ಡದು ಆಕಾಣ. ಎಲ್ಲಕ್ಕಿಂತ ಮುಂಚೆ ಸ್ಪ್ರಿಂಗ್ ಬದಲಾಯಿಸಿ ಒಂದೂವರೆ ಇಂಚು ಕೆಳಗೆ ಇಳಿಸ್ಬುಡಾಣ. ರೋಡಿಗೆ ಅಂಟ್ಕಂಡು ಓಯ್ತದೆ."

ರಸ್ತೆಗೆ ಅಂಟಿಕೊಂಡು ಹೋಗುತ್ತದೆ ಎಂಬ ಮಾತು ನನಗೆ ಕವಿತೆಯಂತೆ ಕೇಳಿಸಿತು. ಇಳಿಸು ಎಂದೆ. ಎರಡು ದಿನ ಬಿಟ್ಟು ಕಾರು ತಂದೆ. ಕೀರ್ತಿರಾಜನ ಮಾತು ಅಕ್ಷರಶಃ ನಿಜವಾಯಿತು. ನಮ್ಮ ಬೀದಿಯ ತಿರುವಿನಲ್ಲಿರುವ ಹಂಪಿಗೆ ಅದು ಅಂಟಿಕೊಂಡಿತು.

ಮುಂದಿನ ಚಕ್ರ ಆಚೆ, ಹಿಂದಿನ ಚಕ್ರ ಈಚೆ, ಹೊಟ್ಟೆ ಹಂಪಿನ ಮೇಲೆ. ಆಕ್ಸಿಲರೇಟರ್ ಒತ್ತಿದರೆ ಹಲ್ಲು ಕಡಿಯುವ ಸದ್ದು. ಹಿಂದೆ ಎರಡು ಆಟೊ, ಒಂದು ಗ್ಯಾಸ್ ಸಿಲಿಂಡರಿನ ಗಾಡಿ, ಅಕ್ಕಪಕ್ಕದ ಮನೆಯವರೆಲ್ಲ ಗೇಟಿನಲ್ಲಿ. ಯಜಮಾನರು ಓಡಿ ಬಂದರು. ಕೈಯಲ್ಲಿ ಟೇಪು! ಕಾರನ್ನು ಎತ್ತುತ್ತಾರೆ ಎಂದುಕೊಂಡರೆ ಬಗ್ಗಿ ಕೂತು ಹಂಪನ್ನು ಅಳೆದರು.

"ಹತ್ತು ಸೆಂಟಿಮೀಟರ್. ಸರಿಯಾಗೇ ಐತೆ" ಎಂದರು ನೆಮ್ಮದಿಯಿಂದ.

"ಈ ಹಂಪನ್ನ ಯಾವ ಪುಣ್ಯಾತ್ಮ ಕೇಳಿದ್ದು ಇಲ್ಲಿ?" ಎಂದು ಕಿರುಚಿದೆ.

"ನೀನೇ ಕಣೇ. ಬೀದಿಯವರ ಅರ್ಜೀಲಿ ಮೊದಲನೇ ಸಹಿ ನಿಂದು."

(ಅದು ಬೀದಿದೀಪದ ಅರ್ಜಿ ಎಂದು ತಿಳಿದು ಸಹಿ ಹಾಕಿದ್ದೆ. ಓದದೆ ಸಹಿ ಹಾಕಬಾರದು ಎಂದು ಗಾಣದ ಕೆಲಸದವರಿಗೆಲ್ಲ ನಾನೇ ಬುದ್ಧಿ ಹೇಳುತ್ತಿರುತ್ತೇನೆ.) ಆರು ಜನ ಸೇರಿ ಕಾರನ್ನು ಎತ್ತಿ ಆಚೆಗಿಟ್ಟರು. ಅಪ್‌ಗ್ರೇಡ್ ಎಂಬ ಮೊದಲನೇ ದಾರಿ ಅಲ್ಲಿಗೆ ಮುಚ್ಚಿತು. ಕೀರ್ತಿರಾಜನಿಗೆ ಉಳಿದ ಕೆಲಸ ಬೇಡ ಎಂದು ಹೇಳಿ, ಬೆಂಗಳೂರಿನ ಶೋರೂಮಿಗೆ ಫೋನ್ ಮಾಡಿದೆ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸೇಲ್ಸಿನ ಸಂಜಯ್ ಹೊಸ ಮಾಡೆಲ್ಲನ್ನು ಮನೆ ಮುಂದೆ ತಂದು ನಿಲ್ಲಿಸಿದ. (ಬರುವಾಗ ಹಂಪನ್ನು ಓರೆಯಾಗಿ, ಚಕ್ರಚಕ್ರವಾಗಿ ದಾಟಿಸಿದ. ಆ ಬುದ್ಧಿ ನನಗೆ ಹೊಳೆದಿರಲಿಲ್ಲ.) ಕಪ್ಪು ಕಾರು. ಎಂಜಿನ್ ಆರಿಸುವ ಮುಂಚೆ ಒಮ್ಮೆ ಗುಡುಗಿಸಿದ, ಎದುರುಮನೆ ತೆಂಗಿನಮರದ ಕಾಗೆಗಳೆಲ್ಲ ಹಾರಿಹೋದವು. ಮೂವತ್ತು ದಾಟಿದ ಮನುಷ್ಯ, ಕೊರಳಲ್ಲಿ ಟೈ, ಬಾಯಲ್ಲಿ ಬೆಣ್ಣೆ.

"ನಿಮ್ಮದರ ಡಬಲ್ ಪವರ್ ಮೇಡಂ. ನಾಲ್ಕು ಸೆಕೆಂಡಿಗೆ ನೂರು ಕಿಲೋಮೀಟರ್ ಸ್ಪೀಡ್."

ನಮ್ಮ ಮನೆಯ ಗ್ಯಾಸ್ ಲೈಟರು ಒಲೆ ಹತ್ತಿಸಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ನನ್ನ ಎದೆ ಹಿಗ್ಗಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು ಪುಣ್ಯಾತ್ಮ. ಜಗುಲಿಯಲ್ಲಿ ಕೂತಿದ್ದ ನಮ್ಮತ್ತೆಯನ್ನು ನೋಡಿ, "ಅಮ್ಮಾ, ಇದರ ಸೀಟು ಬಿಸಿಯಾಗುತ್ತೆ. ಬೆನ್ನನ್ನೂ ಒತ್ತುತ್ತೆ" ಎಂದುಬಿಟ್ಟ.

ಇಪ್ಪತ್ತು ವರ್ಷದಿಂದ ಬೆನ್ನುನೋವು ಸಾಕಿಕೊಂಡಿರುವ ನಮ್ಮತ್ತೆ ಎದ್ದು ನಿಂತರು. "ಒತ್ತೈತಾ? ಎಲ್ಲಿ, ನೋಡಾನ. ನಾನೂ ಬತ್ತೀನಿ."

"ಅತ್ತೆ, ಇದು ಟೆಸ್ಟ್ ಡ್ರೈವು..."

"ನಾಳೀಕೆ ಮನೇಗ್ ಬರಾ ಕಾರು ತಾನೆ? ಮನೇರು ನೋಡ್ಬ್ಯಾಡ್ವಾ?"

ಎಲೆಡಿಕೆ ಚೀಲ ಸಮೇತ ಮುಂದಿನ ಸೀಟಿಗೆ ಇಳಿದರು. ಕೂತರು ಎನ್ನಲಾರೆ; ಬಾವಿಗೆ ಇಳಿದ ಹಾಗೆ ಇಳಿದರು. ಹಿಂದೆ ಸೀಟು ಎಂದು ಹೆಸರಿಗೆ ಇದ್ದ ಗೂಡಿನಲ್ಲಿ ಸಂಜಯ್ ಮಂಡಿಯನ್ನು ಗಲ್ಲಕ್ಕೆ ಒತ್ತಿಕೊಂಡು ಮುದುಡಿ ಕೂತ.

"ರೀ, ಹಂಪ್ ಇಲ್ಲದಿರೋ ರಸ್ತೆ ಈ ಜಿಲ್ಲೆಯಲ್ಲಿ ಒಂದಾದರೂ ಇದೆಯೇ?" ಎಂದು ಕೇಳಿದೆ.

ಯಜಮಾನರು ಯೋಚಿಸಿದರು. ಅವರಿಗೆ ನೋವಾದಂತೆ ಕಂಡಿತು. "ಹಳೇಕೋಟೆ ಕಡೆ ಹೊಸದಾಗಿ ಟಾರು ಹಾಕಿಸಿದೀವಿ. ಇನ್ನೂ ಹಂಪ್ ಹಾಕಿಲ್ಲ" ಎಂದು ಒಪ್ಪಿಕೊಂಡರು.

ಹೊಳೆನರಸೀಪುರದವರೆಗೆ ಮರ್ಯಾದೆಯಿಂದ ಹೋದೆವು. ಹಳೇಕೋಟೆಯ ದಾರಿಗೆ ತಿರುಗಿದ ಮೇಲೆ ನೋಡಿ, ಕಣ್ಣಿಗೆ ಕಾಡಿಗೆ ಎಳೆದಂಥ ರಸ್ತೆ! ಮುಂದೆ ಒಂದು ನರಪಿಳ್ಳೆಯೂ ಇಲ್ಲ. ಒತ್ತಿದೆ. ಕಾರು ಹಾರಿತು. ಹಿಂದಿನ ಗೂಡಿನಿಂದ ಸಂಜಯ್ "ಮೇಡಂ... ಮೇಡಂ..." ಎನ್ನುತ್ತಿದ್ದ. ಅತ್ತೆ ಮಾತ್ರ ಬೆನ್ನೊತ್ತಿಸಿಕೊಳ್ಳುತ್ತ ಕಣ್ಣು ಮುಚ್ಚಿ ಕೂತಿದ್ದರು. ಒಂದೂ ಮಾತಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ನಾನು ಕಂಡ ಅಂಥ ಮೌನ ಅದೊಂದೇ. ಆ ಕ್ಷಣದಲ್ಲೇ ನಿರ್ಧರಿಸಿದೆ, ಈ ಕಾರು ನಮ್ಮದೇ.

ತಿರುವು ದಾಟಿದೆ. ಎದುರಿಗೆ ರಸ್ತೆಯೇ ಇಲ್ಲ! ಆ ಅಂಚಿನಿಂದ ಈ ಅಂಚಿನವರೆಗೆ ಒಕ್ಕಣೆಗೆ ಹಾಸಿದ ಹುರುಳಿ ಗಿಡ. ನುಣುಪಾದ ಟಾರು, ಹಂಪಿನ ಕಾಟವಿಲ್ಲ, ಹೋಗಿ ಬರುವ ಗಾಡಿಗಳು ಪುಕ್ಕಟೆ ತುಳಿದುಕೊಡುತ್ತವೆ. ಸುಗ್ಗಿಯ ಕಾಲದಲ್ಲಿ ಇಂಥ ಕಣ ಯಾರು ಬಿಡುತ್ತಾರೆ? ಬ್ರೇಕ್ ಒತ್ತಿದೆ. ಕಾರು ಜಾರಿಕೊಂಡು ಹುರುಳಿಯ ನಟ್ಟನಡುವೆ ಹೋಗಿ ನಿಂತಿತು. ಹಿಂದಕ್ಕೆ ತೆಗೆಯಲು ಎಂಜಿನ್ನನ್ನು ರೇಗಿಸಿದೆ. ಚಕ್ರ ತಿರುಗಿತು, ಬಳ್ಳಿ ಸುತ್ತಿಕೊಂಡಿತು. ಮತ್ತೆ ರೇಗಿಸಿದೆ, ಇನ್ನಷ್ಟು ಸುತ್ತಿಕೊಂಡಿತು. ಮೂರನೇ ಸಲಕ್ಕೆ ಬಾನೆಟ್ಟಿನ ಕೆಳಗಿನಿಂದ ಸಣ್ಣಗೆ ಹೊಗೆ ಬಂತು.

"ಅವ್ವೋ, ಆಫ್ ಮಾಡ್ರವ್ವ! ಬೆಂಕಿ ಅತ್ಕತದೆ!" ರಸ್ತೆ ಬದಿಯಿಂದ ಟವೆಲ್ ಬೀಸುತ್ತ ಒಬ್ಬರು ಓಡಿಬಂದರು. ಹುರುಳಿಯ ಒಡೆಯ ಬೋರಪ್ಪ. ಬೆಂಕಿ ಎಂದು ಕಿವಿಗೆ ಬಿದ್ದದ್ದೇ ತಡ, ಸಂಜಯ್ ನನ್ನ ತಲೆಯ ಮೇಲಿಂದಲೇ ಹಾದು, ನನಗಿಂತ ಮುಂಚೆ ನನ್ನ ಬಾಗಿಲಿನಿಂದ ಇಳಿದ. ನಾನು ಇಳಿದು ಸುತ್ತಿಕೊಂಡು ಆ ಕಡೆ ಓಡಿದೆ.

"ಅತ್ತೆ, ಇಳೀರಿ, ಇಳೀರಿ!"

ಅತ್ತೆ ಎದ್ದರು. ಎದ್ದಷ್ಟೇ ವೇಗದಲ್ಲಿ ಮತ್ತೆ ಸೀಟಿನೊಳಕ್ಕೆ ಜಾರಿದರು. ಮಂಡಿ ಮೇಲೆ, ಸೊಂಟ ಕೆಳಗೆ, ಹಿಡಿದುಕೊಳ್ಳಲು ಏನೂ ಇಲ್ಲ. ನಾನು ಕೈ ಹಿಡಿದು ಎಳೆದೆ, ಬರಲಿಲ್ಲ. ಹೊಗೆ ದಟ್ಟವಾಯಿತು. "ಮೇಗ, ಮಂಡಿ ಬರ್ತಾ ಇಲ್ಲ ಕಣವ್ವ" ಎಂದರು. ಯಾವತ್ತೂ ಜೋರು ಮಾಡುವ ದನಿ ಅವತ್ತು ತೀರಾ ಸಣ್ಣದಾಗಿತ್ತು. ಪವರ್ರು, ಟರ್ಬೊ, ನಾಲ್ಕು ಸೆಕೆಂಡು ಎಲ್ಲ ಮರೆತು, ಬೀದಿಯಲ್ಲಿ ನಿಂತು ಗೋಳೋ ಎಂದು ಅತ್ತೆ. (ಇದು ಅಳುವ ಅತ್ತೆ, ಸೀಟಿನಲ್ಲಿ ಸಿಕ್ಕಿಕೊಂಡವರು ಬೇರೆ ಅತ್ತೆ. ಅವರು ಅಳಲಿಲ್ಲ.)

"ಅಳ್ಬ್ಯಾಡಿ, ಸರೀರಿ!" ಎಂದರು ಬೋರಪ್ಪ. ಅವರು ಒಂದು ರಟ್ಟೆ ಹಿಡಿದರು, ನಾನೊಂದು. ಸಂಜಯನಿಗೂ ಮಾನ ಬಂದು, ಡ್ರೈವರ್ ಸೀಟಿನ ಕಡೆಯಿಂದ ನುಗ್ಗಿ ಅತ್ತೆಯ ಬೆನ್ನಿಗೆ ಭುಜ ಕೊಟ್ಟ. "ಒನ್, ಟೂ, ತ್ರೀ!" ಚೀಲದಿಂದ ಕಾಯಿ ಉರುಳಿದ ಹಾಗೆ ನಮ್ಮತ್ತೆ ಹುರುಳಿಯ ರಾಶಿಯ ಮೇಲೆ ಬಂದು ಬಿದ್ದರು. ಅವರ ಪಕ್ಕದಲ್ಲಿ ನಾನು, ನನ್ನ ಪಕ್ಕದಲ್ಲಿ ಬೋರಪ್ಪ. ಅಷ್ಟರಲ್ಲಿ ಬೋರಪ್ಪನ ಹೆಂಡತಿ ಮತ್ತು ಇನ್ನಿಬ್ಬರು ಹೆಂಗಸರು ಬಿಂದಿಗೆ ಬಿಂದಿಗೆ ನೀರು ತಂದು ಸುರಿದು, ಕೋಲಿನಿಂದ ಬಳ್ಳಿಯನ್ನು ಜಗ್ಗಿ ತೆಗೆದರು. ಪುಸ್ ಎಂದು ಹೊಗೆ ಅಡಗಿತು. ಒಂದಿಷ್ಟು ಪ್ಲಾಸ್ಟಿಕ್ಕು ಕರಗಿದ್ದು ಬಿಟ್ಟರೆ ಕಾರಿಗೂ ಏನಾಗಿರಲಿಲ್ಲ.

ನಾನು ಅತ್ತೆಯ ಮೈಯೆಲ್ಲ ತಡವಿ ನೋಡಿದೆ. ಎಲ್ಲೂ ಗಾಯವಿಲ್ಲ. ಅವರು ಒಂದು ಉಸಿರೆಳೆದುಕೊಂಡು, "ಎಲೆಡಿಕೆ ಚೀಲ ಒಳಗೇ ಬುಟ್ಬುಟ್ಟೆ, ತಗಂಬಾ" ಎಂದರು. ಆ ಮಾತು ಕೇಳಿ ನನಗೆ ಹೋದ ಜೀವ ಬಂತು.

ಬೋರಪ್ಪ ಕಾರಿನ ಕೆಳಗೆ ಕೈಯಾಡಿಸಿ, ಹಿಡಿ ಕಾಳು ತೆಗೆದು ಊದಿ ನೋಡಿದರು. "ಪಸಂದಾಗಿ ಒಕ್ಕೈತೆ ಕಣ್ರವ್ವ. ಬೇರೆ ಕಾರು ಮೇಲ್ಮೇಲೆ ಓಯ್ತವೆ. ಇದು ಬುಡಕ್ಕೇ ಕೂರ್ತದೆ. ಸುಗ್ಗೀಗೆ ಬಾಡ್ಗೆಗೆ ಕೊಟ್ಟೀರಾ?"

ಸಂಜಯ್ ಟೈ ಸಡಿಲಿಸಿಕೊಂಡು ರಸ್ತೆ ಬದಿಯಲ್ಲಿ ಕೂತ. ಬುಕ್ ಮಾಡುತ್ತೀರಾ ಎಂದು ಅವನೂ ಕೇಳಲಿಲ್ಲ, ಮಾಡುತ್ತೇನೆ ಎಂದು ನಾನೂ ಹೇಳಲಿಲ್ಲ.

ಫೋನ್ ಮಾಡಿದ ಮುಕ್ಕಾಲು ಗಂಟೆಗೆ ಯಜಮಾನರು ಜೀಪಿನಲ್ಲಿ ಬಂದರು. ಬೈಯುತ್ತಾರೆ ಎಂದು ಕಾದೆ. ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ತಲೆಯಿಂದ ಒಂದು ಹುರುಳಿ ಕಾಯಿ ತೆಗೆದರು. ಆಮೇಲೆ ಬಗ್ಗಿ ರಸ್ತೆ ನೋಡಿ, "ಟಾರಿಗೆ ಏನೂ ಆಗಿಲ್ಲ" ಎಂದರು. ಹದಿನಾಲ್ಕು ವರ್ಷದಲ್ಲಿ ಅವರು ನನಗೆ ಹೇಳಿದ ಅತ್ಯಂತ ಪ್ರೀತಿಯ ಮಾತು ಇದೇ ಇರಬೇಕು.

ವಾರ ಕಳೆದ ಮೇಲೆ ಅವರೇ ಮಾತೆತ್ತಿದರು. "ನಿನ್ನ ಕಾರನ್ನ ಮೇಲ್ದರ್ಜೆಗೇರಿಸಾಣ ಕಣೇ." ಕಚೇರಿಯ ಭಾಷೆಯಲ್ಲಿ ಅಪ್‌ಗ್ರೇಡಿಗೆ ಹಾಗೆನ್ನುತ್ತಾರೆ. ನನಗೆ ಆಶ್ಚರ್ಯ. "ಟರ್ಬೊನಾ?" ಎಂದೆ.

"ಅಲ್ಲ. ಮೇಲಕ್ಕೇ ಏರಿಸಾದು. ಮೂರೂವರೆ ಇಂಚು."

ಕೀರ್ತಿರಾಜ್ ಕೇಳಿ ತಲೆಯ ಮೇಲೆ ಕೈ ಹೊತ್ತುಕೊಂಡ. "ಸಾ, ಸ್ಪೋರ್ಟ್ಸ್ ಕಾರ್ ಸಾ ಇದು. ಎತ್ತರುಸ್ಬುಟ್ರೆ ಕಪ್ಪೆ ಕುಂತಂಗೆ ಕಾಣ್ತದೆ" ಎಂದು ಗೋಗರೆದ. ಏರಿಸಿದ. ಕಪ್ಪೆ ಕೂತ ಹಾಗೆಯೇ ಕಂಡಿತು. ಆದರೆ ನಮ್ಮ ಬೀದಿಯ ಹಂಪನ್ನು ಮೊದಲ ಸಲ ಸದ್ದಿಲ್ಲದೆ ದಾಟಿದಾಗ, ಇಷ್ಟು ದಿನ ಹಲ್ಲು ಕಚ್ಚಿಕೊಂಡೇ ಕಾರು ಓಡಿಸುತ್ತಿದ್ದೆನೆಂದು ನನಗೆ ಗೊತ್ತಾಯಿತು. ದವಡೆ ಸಡಿಲವಾಯಿತು. ನೋಡುವವರು ನಕ್ಕರೆ ನಗಲಿ ಬಿಡಿ.

ಮೊನ್ನೆ ಅರಕಲಗೂಡಿನಲ್ಲಿ ನೆಂಟರ ಮನೆಯ ಗೃಹಪ್ರವೇಶ. ಯಜಮಾನರಿಗೆ ಡ್ಯೂಟಿ. ನಾನು ಕಾರು ತೆಗೆದಾಗ, ಕರೆಯದೆಯೇ ಅತ್ತೆ ಬಂದು ಬಾಗಿಲು ತೆಗೆದರು. ಈಗ ಸೀಟು ಅವರ ಮಂಡಿಯ ಎತ್ತರಕ್ಕಿದೆ. ಮಂಚದ ಮೇಲೆ ಕೂತಷ್ಟು ಸಲೀಸಾಗಿ ಕೂತರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡ ಮೇಲೆ ನನ್ನ ಕಾಲು ಆಕ್ಸಿಲರೇಟರಿನ ಮೇಲೆ ಇಳಿಯಲೇ ಇಲ್ಲ. ದೂರದಲ್ಲಿ ಒಂದು ಒಣಹುಲ್ಲು ಕಂಡರೂ ಬ್ರೇಕು. ನಲವತ್ತರಲ್ಲಿ ಹೋಗುತ್ತಿದ್ದೆ. ಅವರು ಮೀಟರನ್ನೇ ದಿಟ್ಟಿಸುತ್ತಿದ್ದರು. ಸೊಸೆಗೆ ಬುದ್ಧಿ ಬಂತು ಎಂದು ಮೆಚ್ಚಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಅಷ್ಟರಲ್ಲಿ ಹಾಲಿನ ಕ್ಯಾನು ತುಂಬಿದ ವ್ಯಾನೊಂದು ಹಾರನ್ ಹೊಡೆದು ನಮ್ಮನ್ನು ದಾಟಿಕೊಂಡು ಹೋಯಿತು.

"ಏನೇ ಮೇಗ, ಹಾಲಿನ ವ್ಯಾನು ಮುಂದಕ್ ಓಯ್ತಲ್ಲೇ!"

"ಹೋಗಲಿ ಬಿಡಿ ಅತ್ತೆ. ನಿಧಾನಕ್ಕೆ ಹೋದರಾಯಿತು."

"ಏನ್ ನಿಧಾನ! ಅವತ್ತು ಆ ಕರೀ ಕಾರಲ್ಲಿ ಎಂಗ್ ಓಯ್ತಿದ್ದೋ! ಗಾಳೀಲಿ ತೇಲ್ದಂಗೆ ಇತ್ತು ಕಣೇ. ಒಸಿ ಒತ್ತು, ಒತ್ತು!"

"ಅತ್ತೆ, ಅವತ್ತು ನಿಮ್ಮ ಜೀವಕ್ಕೇ ಬಂದಿತ್ತು!"

"ಬಂದಿದ್ದು ನಿಂತ್ ಮೇಲೆ ತಾನೆ? ಓಯ್ತಾ ಇದ್ದಾಗ ಏನಾಗಿತ್ತು?"

ನಾನು ನಲವತ್ತು ಬಿಟ್ಟು ಮೇಲೇರಲಿಲ್ಲ. ನಮ್ಮತ್ತೆ ಎಲೆಡಿಕೆ ಚೀಲದಿಂದ ಮೊಬೈಲ್ ತೆಗೆದು ಕಣ್ಣಿಗೆ ದೂರ ಹಿಡಿದು ನೋಡಿದರು.

"ಆ ಸಂಜಯ ವಾಟ್ಸಾಪ್ ಮಾಡವ್ನೆ, ಅವತ್ತೇ ನಂಬರ್ ಇಸ್ಕಂಡಿದ್ದೆ. ಕಾರು ರಿಪೇರಿ ಆಯ್ತಂತೆ. ಬರೋ ಭಾನುವಾರ ತತ್ತಾನಂತೆ."

"ಬೇಡ ಅತ್ತೆ. ನಾನು ಮಾತ್ರ ಆ ಕಾರನ್ನ ಮುಟ್ಟಲ್ಲ" ಎಂದೆ.

"ನಿನ್ನ ಯಾರ್ ಕೇಳುದ್ರು?" ಎಂದರು ಅತ್ತೆ, ಮೊಬೈಲ್ ಚೀಲಕ್ಕೆ ಹಾಕಿಕೊಳ್ಳುತ್ತ. "ಅವ್ನೇ ಓಡುಸ್ಲಿ, ನೀನು ಮನೇಲಿರು ಅಂತ ಆಗ್ಲೇ ಯೋಳ್ಬುಟ್ಟಿವ್ನಿ. ನೀನ್ ಬಲೇ ಸ್ಲೋ."

ನನಗಾದ ನೆಮ್ಮದಿ ಅಷ್ಟಿಷ್ಟಲ್ಲ.